ಎಳೆಯ ಮಕ್ಕಳ ಅರ್ಥಗ್ರಹಣದ ತೊಡಕುಗಳು: ವಿಶಾಖಪಟ್ಟಣದ ಒಂದು ಹಳೆಯ ಪ್ರಶ್ನೆಯ ಬೆಳಕಿನಲ್ಲಿ

ಸುಮಾರು 1906ರ ಮಾತು. ಆಂಧ್ರದ ಉತ್ತರ ಜಿಲ್ಲೆಗಳ ಶಾಲಾ ತನಿಖಾಧಿಕಾರಿಯಾಗಿ ವಿಶಾಖಪಟ್ಟಣಕ್ಕೆ ಬಂದಿದ್ದ ಜೆ.ಎ. ಯೇಟ್ಸ್ ಎಂಬ ಆಂಗ್ಲ ಅಧಿಕಾರಿಗೆ ಒಂದು ಸಂದೇಹ ಕಾಡಿತು. ಜನರು ಆಡುವ ತೆಲುಗು ಒಂದು ಬಗೆ, ಮಕ್ಕಳ ಪಠ್ಯದಲ್ಲಿರುವ ತೆಲುಗು ಇನ್ನೊಂದು ಬಗೆ, ಇದು ಹೀಗೇಕೆ? ಈ ಪ್ರಶ್ನೆ ಅಲ್ಲಿನ ಮಿಸೆಸ್ ಎ.ವಿ.ಎನ್. ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಿ.ಟಿ. ಶ್ರೀನಿವಾಸ ಅಯ್ಯಂಗಾರ್, ವಿಜಯನಗರದ ಗುರಜಾಡ ಅಪ್ಪಾರಾವು ಮತ್ತು ಪರ್ಲಾಕಿಮಿಡಿಯಲ್ಲಿ ಅಧ್ಯಾಪಕರಾಗಿದ್ದ ಗಿಡುಗು ರಾಮಮೂರ್ತಿ ಅವರನ್ನು ಒಂದೆಡೆಗೆ ತಂದಿತು. ವ್ಯಾವಹಾರಿಕ ಭಾಷಾ ಚಳವಳಿ ಎಂದು ಮುಂದೆ ಹೆಸರಾದುದರ ಆರಂಭ ಇದು. ಸಾಹಿತ್ಯ ಚರಿತ್ರೆಗಳು ಇದನ್ನು ಗ್ರಾಂಥಿಕ ಶೈಲಿಗೂ ಆಡುನುಡಿಗೂ ನಡೆದ ವಿವಾದವೆಂದು ಬಣ್ಣಿಸುತ್ತವೆ. ಆದರೆ ಈ ವಿವಾದದ ಬೇರು ಇದ್ದುದು ಶಾಲೆಯಲ್ಲಿ: ಮಗು ಪಾಠವನ್ನು ಓದುತ್ತದೆ, ಆದರೆ ಅದು ಮಗುವಿಗೆ ತಿಳಿಯುತ್ತದೆಯೆ?

ಗಿಡುಗು ಅವರು ಈ ಪ್ರಶ್ನೆಯನ್ನು ತೆಲುಗಿಗಷ್ಟೇ ಸೀಮಿತಗೊಳಿಸಲಿಲ್ಲ. ಗುಡ್ಡಗಾಡಿನ ಸವರ ಜನರ ನುಡಿಯನ್ನು ತಾವೇ ಕಲಿತು, ಆ ಮಕ್ಕಳಿಗಾಗಿ ಶಾಲೆ ತೆರೆದು, ಸವರದಲ್ಲಿಯೇ ಪಾಠಗಳನ್ನು ಸಿದ್ಧಪಡಿಸಿದರು. ಅವರ ಸವರ ಕೈಪಿಡಿ 1931ರಲ್ಲಿಯೂ ನಿಘಂಟು 1938ರಲ್ಲಿಯೂ ಹೊರಬಂದವು. ಇವನ್ನು ವಿದ್ವತ್ತಿನ ಕೃತಿಗಳೆಂದಷ್ಟೇ ನೋಡುವುದು ರೂಢಿ. ಅವುಗಳ ಹಿಂದೆ ಒಬ್ಬ ಉಪಾಧ್ಯಾಯನಿದ್ದಾನೆ ಎಂಬುದನ್ನು ಮರೆಯಲಾಗದು.

ಚಳವಳಿಯ ಗೆಲುವಿನ ಜೊತೆಗೇ ಒಂದು ಹೊಸ ತೊಡಕೂ ಹುಟ್ಟಿತು. ಗ್ರಾಂಥಿಕದ ಸ್ಥಾನಕ್ಕೆ ಬಂದ ಶಿಷ್ಟ ವ್ಯಾವಹಾರಿಕವು ಎಲ್ಲರ ಆಡುನುಡಿಯಾಗಿರಲಿಲ್ಲ. ವಿಜಯವಾಡದ ಸುತ್ತಣ ಕೃಷ್ಣಾ, ಗುಂಟೂರು ಮತ್ತು ಗೋದಾವರಿ ಸೀಮೆಗಳ ವಿದ್ಯಾವಂತರ ಮಾತು ಅದಕ್ಕೆ ತಳಹದಿಯಾಯಿತು. ಹೀಗಾಗಿ ವಿಜಯವಾಡದ ಮಗುವಿಗೆ ಪಠ್ಯವು ಮನೆಯ ಮಾತಿಗೆ ಹತ್ತಿರ ಬಂದರೂ ವಿಶಾಖಪಟ್ಟಣದ ಉತ್ತರದ ಹಳ್ಳಿಗಳ ಮಗುವಿಗೆ ಅಂತರ ಉಳಿಯಿತು. ಸವರ ಮಗುವಿಗಂತೂ ಎರಡೂ ಪರಭಾಷೆಯೇ. ಆಡುನುಡಿಯನ್ನು ಪಠ್ಯಕ್ಕೆ ತರಬೇಕೆಂಬ ನಮ್ಮವರ ವಾದಗಳಲ್ಲಿಯೂ ‘ಯಾರ ಆಡುನುಡಿ?’ ಎಂಬ ಪ್ರಶ್ನೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನ್ನ ಅಭಿಪ್ರಾಯ.

ಪ್ರಸ್ತುತ ಲೇಖನದ ಉದ್ದೇಶ, ಅರ್ಥಗ್ರಹಣದ ತೊಡಕು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಭಿನ್ನ ಮೂಲಗಳ ಸಂಗತಿಗಳು ಬೆರೆತಿವೆ ಎಂಬುದನ್ನು ಕನ್ನಡದ ನಿದರ್ಶನಗಳಿಂದ ತೋರಿಸುವುದು.

ಮೊದಲು ಓದಿನ ವಿಚಾರ. ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ, ಓದಿ ತಿಳಿಯುವ ಶಕ್ತಿಯು ಲಿಪಿಯನ್ನು ಬಿಡಿಸುವ ಶಕ್ತಿ ಮತ್ತು ಕೇಳಿ ತಿಳಿಯುವ ಶಕ್ತಿಗಳ ಗುಣಲಬ್ಧವೆಂದು ಪ್ರತಿಪಾದಿಸಿದರು. ಇಲ್ಲಿ ಗುಣಲಬ್ಧವೆಂಬ ಮಾತು ಮುಖ್ಯ, ಏಕೆಂದರೆ ಒಂದು ಸೊನ್ನೆಯಾದರೆ ಒಟ್ಟು ಫಲವೂ ಸೊನ್ನೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳ ಕಲಿಕೆ ದೀರ್ಘವಾದುದು. ಅಕ್ಷರಜ್ಞಾನವು ಮೊದಲೆರಡು ತರಗತಿಗಳಲ್ಲಿ ಮುಗಿಯದೆ ಮುಂದಕ್ಕೂ ಚಾಚುತ್ತದೆಂದು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಆದರೆ ಅಕ್ಷರ ಒಮ್ಮೆ ಕೈವಶವಾಯಿತೆಂದರೆ, ಬರಹಕ್ಕೂ ಉಚ್ಚಾರಕ್ಕೂ ಹೊಂದಿಕೆಯಿರುವ ನಮ್ಮ ಲಿಪಿಯಲ್ಲಿ ಮಗು ಅರ್ಥವಾಗದ ವಾಕ್ಯವನ್ನೂ ನಿರರ್ಗಳವಾಗಿ ಓದಬಲ್ಲದು. ಉಪಾಧ್ಯಾಯರ ಕಿವಿ ಮೋಸಹೋಗುವುದು ಇಲ್ಲಿಯೇ. ಗಟ್ಟಿಯಾಗಿ ಓದಿದ ಮಗುವಿಗೆ ಮೆಚ್ಚುಗೆ ದೊರೆಯುತ್ತದೆ, ತಿಳಿಯಿತೆ ಎಂದು ಕೇಳುವುದು ಉಳಿದುಹೋಗುತ್ತದೆ.

ಕೇಳಿ ತಿಳಿಯುವ ಶಕ್ತಿಯೂ ದೊಡ್ಡವರದರ ಕಿರಿಯ ಪ್ರತಿಯಲ್ಲ. ಈ ಬಗ್ಗೆ ಕನ್ನಡದ ಮಕ್ಕಳೇ ಲೋಕಕ್ಕೆ ಎರಡು ಮಹತ್ವದ ಸಾಕ್ಷ್ಯಗಳನ್ನು ಒದಗಿಸಿದ್ದಾರೆ. ‘ಹುಡುಗ ಎರಡು ಪುಸ್ತಕ ಓದಲಿಲ್ಲ’ ಎಂಬ ವಾಕ್ಯಕ್ಕೆ ಪ್ರೌಢರಲ್ಲಿ ಎರಡು ಅರ್ಥಗಳುಂಟು: ಓದದೆ ಬಿಟ್ಟ ಪುಸ್ತಕಗಳು ಎರಡು ಎಂಬುದು ಒಂದು, ಓದಿದ್ದು ಎರಡಲ್ಲ, ಅದಕ್ಕಿಂತ ಕಡಮೆ ಎಂಬುದು ಇನ್ನೊಂದು. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಅವರ 2002ರ ಅಧ್ಯಯನದಲ್ಲಿ, ಇಂತಹ ವಾಕ್ಯಗಳಿಗೆ ನಾಲ್ಕು ವರ್ಷದ ಕನ್ನಡ ಮಕ್ಕಳು ಎರಡನೆಯ ಅರ್ಥವನ್ನೇ ಹಿಡಿದರು. ಆಂಗ್ಲ ಮಕ್ಕಳೂ ಹಾಗೆಯೇ ಮಾಡಿದರು. ಕನ್ನಡದಲ್ಲಿ ನಿಷೇಧವು ವಾಕ್ಯದ ಕೊನೆಗೆ ಬರುವುದರಿಂದ, ಮಗು ಪದಗಳ ಸಾಲನ್ನಲ್ಲ, ವಾಕ್ಯದ ಒಳರಚನೆಯನ್ನು ಅನುಸರಿಸುತ್ತದೆಂದು ಇದರಿಂದ ಸಿದ್ಧವಾಯಿತು. ಇದು ತೀರ ಶಾಸ್ತ್ರೀಯವೆಂದು ತೋರಬಹುದು. ಆದರೆ ಅಂಗನವಾಡಿಯಲ್ಲಿ ನಾಲ್ಕು ಹೂಗಳಲ್ಲಿ ಎರಡಕ್ಕೆ ಬಣ್ಣ ಹಚ್ಚಿದ ಮಗುವಿಗೆ ಟೀಚರು ‘ನೀನು ಎರಡು ಹೂವಿಗೆ ಬಣ್ಣ ಹಚ್ಚಿಲ್ಲ’ ಎಂದರೆನ್ನೋಣ. ಮಗು ‘ಹಚ್ಚಿದೀನಲ್ಲ, ಎರಡಕ್ಕೆ!’ ಎಂದೀತು. ಅದು ಉದ್ಧಟತನವೂ ಅಲ್ಲ, ದಡ್ಡತನವೂ ಅಲ್ಲ.

ಇನ್ನೊಂದು ಸಾಕ್ಷ್ಯ ಪ್ರೇರಣಾರ್ಥಕ್ಕೆ ಸಂಬಂಧಿಸಿದುದು. ಲಿಡ್ಜ್ ಅವರು ಹೆನ್ರಿ ಮತ್ತು ಲೀಲಾ ಗ್ಲೈಟ್‌ಮನ್ ಅವರೊಂದಿಗೆ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ವರ್ಷದ ಆಸುಪಾಸಿನ ಕನ್ನಡ ಮಕ್ಕಳು ತಾವು ಕೇಳಿದ ವಾಕ್ಯವನ್ನು ಆಟಿಕೆ ಪ್ರಾಣಿಗಳಿಂದ ಆಡಿ ತೋರಿಸಬೇಕಾಗಿತ್ತು. ‘ಇಸು’ ಪ್ರತ್ಯಯವು ಕನ್ನಡದಲ್ಲಿ ಪ್ರೇರಣಾರ್ಥದ ನೇರವಾದ ಗುರುತು. ಪ್ರೌಢರು ಅದನ್ನು ನಂಬಿದರು. ಮಕ್ಕಳಾದರೋ ಪ್ರತ್ಯಯಕ್ಕಿಂತ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು ನಂಬಿದರು. ಎರಡು ನಾಮಪದಗಳಿದ್ದರೆ ಒಂದು ಇನ್ನೊಂದರಿಂದ ಕೆಲಸ ಮಾಡಿಸಿತು, ಒಂದೇ ಇದ್ದರೆ ತಾನೇ ಮಾಡಿತು.

ಇದನ್ನು ನಮ್ಮ ಪಠ್ಯಭಾಷೆಯ ಪಕ್ಕದಲ್ಲಿಟ್ಟು ನೋಡಬೇಕು. ‘ಮರಗಳು ಕಡಿಯಲ್ಪಡುತ್ತವೆ’ ಎಂಬಂತಹ ಕರ್ಮಣಿ ಪ್ರಯೋಗ ಯಾವ ಸೀಮೆಯ ಮನೆಮಾತಿನಲ್ಲಿಯೂ ಸಹಜವಲ್ಲ. ‘ಮರ ಕಡೀತಾರೆ’ ಎಂಬುದೇ ಮಾತು. ಆ ಪಠ್ಯವಾಕ್ಯದಲ್ಲಿ ನಾಮಪದ ಒಂದೇ. ಕೆಲಸ ಮಾಡುವವರು ಯಾರೆಂಬುದು ಪೂರ್ತಿಯಾಗಿ ಪ್ರತ್ಯಯದಲ್ಲಿ ಅಡಗಿದೆ. ಪ್ರತ್ಯಯವನ್ನು ಇನ್ನೂ ನಂಬದ ವಯಸ್ಸಿನ ಮಗು ಮರಗಳನ್ನೇ ಕರ್ತೃವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಇದು ಊಹೆ ಮಾತ್ರ. ಒಂದನೆಯ, ಎರಡನೆಯ ತರಗತಿಗಳಲ್ಲಿ ಪರೀಕ್ಷಿಸಿ ನೋಡತಕ್ಕದ್ದು. ನಮ್ಮ ಸಂಶೋಧನ ವಿದ್ಯಾರ್ಥಿಗಳಿಗೆ ಇದು ಸುಲಭಸಾಧ್ಯವಾದ ಕೆಲಸ.

ಕಾಸರಗೋಡಿನ ನಿದರ್ಶನ ಇನ್ನೂ ಸೂಕ್ಷ್ಮವಾದುದು. ಅಲ್ಲಿ ತುಳು, ಕೊಂಕಣಿ, ಬ್ಯಾರಿ ಮನೆಗಳಿಂದ ಬರುವ ಮಕ್ಕಳಿಗೆ ಕನ್ನಡ ಶಾಲೆಯ ಭಾಷೆಯೆಂಬುದನ್ನು ಎಲ್ಲರೂ ಬಲ್ಲರು. ಹವ್ಯಕ ಮನೆಯ ಮಗುವಿನ ಮಾತೃಭಾಷೆ ಮಾತ್ರ ದಾಖಲೆಯಲ್ಲಿ ಕನ್ನಡವೇ. ಆದರೆ ಆ ನುಡಿಯಲ್ಲಿ ಹೆಂಗಸರಿಗೆ ನಪುಂಸಕ ರೂಪದ ಕ್ರಿಯಾಪದ ಸಲ್ಲುತ್ತದೆ: ‘ಅಕ್ಕ ಬಂತು’. ಪಠ್ಯದಲ್ಲಿ ನಾಮಪದವಿಲ್ಲದೆ ಬರುವ ‘ಬಂದಳು’ ಎಂಬುದು ಬೆಂಗಳೂರಿನ ಮಗುವಿಗೆ ಬಂದವಳು ಹೆಣ್ಣೆಂದು ಥಟ್ಟನೆ ತಿಳಿಸುತ್ತದೆ. ಹವ್ಯಕ ಮಗು ಆ ಸೂಚನೆಯನ್ನು ಶಾಲೆಯಲ್ಲಿ ಹೊಸದಾಗಿ ಕಲಿಯಬೇಕು. ದಾಖಲೆಯ ಪ್ರಕಾರ ಅಂತರವೇ ಇಲ್ಲದಿರುವುದರಿಂದ ಅದು ಯಾರ ಗಮನಕ್ಕೂ ಬಾರದು. ಆಂಧ್ರದ ಮಡಕಶಿರಾ, ರಾಯದುರ್ಗಗಳ ಕಡೆಯ ಕನ್ನಡ ಮಕ್ಕಳ ನುಡಿಯನ್ನೂ ಈ ದೃಷ್ಟಿಯಿಂದ ಪರಿಶೀಲಿಸಬೇಕು.

ಹಾಗಾದರೆ ಎಲ್ಲ ತೊಡಕೂ ಮನೆ ಮತ್ತು ಶಾಲೆಗಳ ಅಂತರದಿಂದಲೇ ಹುಟ್ಟುತ್ತದೆಯೆ? ಇಲ್ಲ. ಕಿವಿ ಚೆನ್ನಾಗಿದ್ದು, ಬುದ್ಧಿ ಚುರುಕಾಗಿದ್ದು, ಮಾತನ್ನು ಗ್ರಹಿಸುವುದರಲ್ಲಿಯೇ ಹಿಂದುಳಿಯುವ ಮಕ್ಕಳುಂಟು. ಅಮೆರಿಕೆಯಲ್ಲಿ ಟಾಂಬ್ಲಿನ್ ಮತ್ತು ಸಂಗಡಿಗರು 1997ರಲ್ಲಿ ವರದಿ ಮಾಡಿದಂತೆ, ಆಂಗ್ಲ ನುಡಿಯ ಶಿಶುವಿಹಾರದ ಮಕ್ಕಳಲ್ಲಿ ಸುಮಾರು ಶೇ. 7.4 ಮಂದಿಗೆ ಇಂತಹ ಭಾಷಾದೋಷವಿತ್ತು. ಈ ಅಂಕಿಯನ್ನು ಕನ್ನಡಕ್ಕೆ ಹಾಗೆಯೇ ಎತ್ತಿಡಲಾಗದು. ಆದರೆ ಅಂತಹ ಮಕ್ಕಳು ನಮ್ಮ ತರಗತಿಗಳಲ್ಲಿ ಇಲ್ಲವೆಂದು ಭಾವಿಸುವುದೂ ತಪ್ಪು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರತಿಭಾ ಕಾರಂತ ಮೊದಲಾದವರು ಕನ್ನಡದ ರಚನೆಗೆ ತಕ್ಕ ಪರೀಕ್ಷೆಗಳನ್ನು ರೂಪಿಸಿದ್ದು ಈ ದಿಕ್ಕಿನಲ್ಲಿ ದೊಡ್ಡ ಕೆಲಸ. ಆಂಗ್ಲ ಪರೀಕ್ಷೆಯನ್ನು ಭಾಷಾಂತರಿಸಿದರೆ ಸಾಲದು. ವಿಭಕ್ತಿ, ಕೃದಂತ, ನಿಷೇಧ, ಪ್ರೇರಣಾರ್ಥಗಳು ಕನ್ನಡದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬ ಅರಿವು ಬೇಕು. ಇಲ್ಲಿ ವ್ಯಾಕರಣಜ್ಞನ ನೆರವಿಲ್ಲದೆ ವೈದ್ಯನು ಮುಂದುವರಿಯಲಾರನು.

ಈ ಎರಡು ಬಗೆಗಳನ್ನು ಬೇರ್ಪಡಿಸದಿದ್ದರೆ ಆಗುವ ಅನ್ಯಾಯವೂ ಎರಡು ಬಗೆಯದು. ಅಂತರದಿಂದ ತಡವರಿಸುವ ಮಗುವಿಗೆ ದಡ್ಡನೆಂಬ ಹಣೆಪಟ್ಟಿ ಅಂಟುತ್ತದೆ. ನಿಜವಾದ ದೋಷವಿರುವ ಗಡಿನಾಡಿನ ಮಗುವನ್ನು ‘ಮನೆಯಲ್ಲಿ ಬೇರೆ ಭಾಷೆ, ಹಾಗಾಗಿ’ ಎಂದು ಸುಮ್ಮನೆ ಬಿಟ್ಟುಬಿಡುತ್ತಾರೆ. ನೆರವು ದೊರೆಯಬೇಕಾದ ವರ್ಷಗಳು ಕಳೆದುಹೋಗುತ್ತವೆ. ಎರಡನೆಯದು ಮೊದಲನೆಯದಕ್ಕಿಂತ ಕಡಮೆ ಕ್ರೂರವಲ್ಲ.

ಬೇರ್ಪಡಿಸುವ ದಾರಿ ತತ್ತ್ವದಲ್ಲಿ ಸರಳ. ದೋಷವು ಮಗುವಿನಲ್ಲಿದ್ದರೆ ಅದು ಮನೆಮಾತಿನಲ್ಲಿಯೂ ಕಾಣಿಸಬೇಕು. ಅಂತರವಷ್ಟೇ ಆಗಿದ್ದರೆ ಶಾಲೆಯ ಭಾಷೆಯಲ್ಲಿ ಮಾತ್ರ ಕಾಣಿಸಬೇಕು. ಆದರೆ ಮಗುವನ್ನು ಮನೆಮಾತಿನಲ್ಲಿ ಪರೀಕ್ಷಿಸಲು ಆ ಮಾತನ್ನು ಬಲ್ಲವರು ಬೇಕು. ಆಂಧ್ರಪ್ರದೇಶ ಸರ್ಕಾರವು 2004ರಲ್ಲಿ ಸವರ, ಕುವಿ, ಕೋಯ ಮೊದಲಾದ ಎಂಟು ನುಡಿಗಳಲ್ಲಿ ಬಹುಭಾಷಾ ಶಿಕ್ಷಣವನ್ನು ಆರಂಭಿಸಿದಾಗ ಗಿಡುಗು ಅವರ ಸವರ ಪಾಠಗಳು ಬಂದು ಎಷ್ಟೋ ದಶಕಗಳು ಕಳೆದಿದ್ದವು. ನಮ್ಮಲ್ಲಿ ತುಳು, ಕೊಡವ, ಸೋಲಿಗ, ಬ್ಯಾರಿ ನುಡಿಗಳಲ್ಲಿ ಐದು ವರ್ಷದ ಮಗುವಿಗೆ ಏನು ತಿಳಿಯಬೇಕು, ಏನು ತಿಳಿಯದಿರುವುದು ಸಹಜ ಎಂಬುದರ ಪಟ್ಟಿ ಮೊದಲು ಸಿದ್ಧವಾಗಬೇಕು. ಆ ಪಟ್ಟಿಗೆ ಬೇಕಾದ ಕ್ಷೇತ್ರಕಾರ್ಯ ಆಸ್ಪತ್ರೆಯಲ್ಲಿ ನಡೆಯತಕ್ಕದ್ದಲ್ಲ. ಉಪಭಾಷೆಗಳ ಅಧ್ಯಯನವನ್ನು ಪಠ್ಯಕ್ರಮದಲ್ಲಿಟ್ಟುಕೊಂಡಿರುವ ಕನ್ನಡ ವಿಭಾಗಗಳಲ್ಲಿ, ಮಕ್ಕಳೊಡನೆ ನೆಲದ ಮೇಲೆ ಕುಳಿತು ಆಟಿಕೆ ಹಿಡಿಯಲು ಸಂಕೋಚಪಡದ ವಿದ್ಯಾರ್ಥಿಗಳಿಂದ ನಡೆಯತಕ್ಕದ್ದು.