ಲೇಸರೋ, ಕತ್ತರಿಯೋ? ಮೊದಲು ಗಂಟಿನ ಗುರುತು ಸಿಗಲಿ

ಪ್ರಶ್ನೆ: ನನಗೆ 52 ವರ್ಷ, ಊರು ನಂಜನಗೂಡು. ಕುತ್ತಿಗೆ ಸುತ್ತ ನರುಲಿಗಳಿವೆ, ಬೆನ್ನಲ್ಲಿ ಗೋಲಿಯಷ್ಟು ದಪ್ಪದ ಗಂಟಿದೆ, ಕೆನ್ನೆಯ ಕಪ್ಪು ಮಚ್ಚೆ ಈಚೆಗೆ ಉಬ್ಬಿದೆ. ‘ಆಪರೇಷನ್ ಬೇಡ ಅಕ್ಕ, ಮೈಸೂರಲ್ಲಿ ಎಲ್ಲಾನೂ ಒಂದೇ ಸಲ ಲೇಸರ್ ಮಾಡಿಸಿಬಿಡು, ಕಲೆ ಉಳಿಯಲ್ಲ’ ಎನ್ನುತ್ತಾಳೆ ತಿ.ನರಸೀಪುರದ ತಂಗಿ. ಏನು ಮಾಡಲಿ ಡಾಕ್ಟರೇ?

ಉತ್ತರ: ಮೂರನ್ನೂ ಒಂದೇ ಯಂತ್ರಕ್ಕೆ ಒಪ್ಪಿಸಬೇಡಿ ತಾಯಿ. ಇಂಥ ಉಬ್ಬುಗಳಿಗೆ ಹೆಚ್ಚಾಗಿ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದರ ಕಿರಣವನ್ನು ಜೀವಕೋಶದ ನೀರು ಹೀರಿಕೊಂಡು ಕುದಿಯುತ್ತದೆ, ಉಬ್ಬು ಪದರಪದರವಾಗಿ ಆವಿಯಾಗುತ್ತದೆ. ರಕ್ತ ಕಡಿಮೆ, ಹೊಲಿಗೆ ಬೇಕಿಲ್ಲ. ಕುತ್ತಿಗೆಯ ನರುಲಿಗೆ ಇದು ಸಾಕು. ಆದರೆ ಕತ್ತರಿಯಿಂದ ತೆಗೆದರೂ ಕಾಟರಿಯಿಂದ ಸುಟ್ಟರೂ ಅವು ಅಷ್ಟೇ ಚೆನ್ನಾಗಿ ಹೋಗುತ್ತವೆ. (ನರುಲಿ ತುಂಬಾ ಇದ್ದರೆ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ.) ಬೆನ್ನಿನ ಗಂಟು ಚರ್ಮದಡಿಯದು. ಅದು ಚೀಲದಂಥ ಗಂಟಾದರೆ ಚೀಲದ ಗೋಡೆ ಪೂರ್ತಿ ಹೊರಬರಬೇಕು, ತುಸು ಉಳಿದರೂ ಮತ್ತೆ ತುಂಬಿಕೊಳ್ಳಬಹುದು. ಅಲ್ಲಿಗೆ ಶಸ್ತ್ರಚಿಕಿತ್ಸೆಯೇ ಸರಿ. ತೊಂದರೆ ಕೊಡದ, ಬೆಳೆಯದ ಕೊಬ್ಬಿನ ಗಂಟಾದರೆ ಹಾಗೇ ಬಿಟ್ಟರೂ ಆದೀತು.

ನನಗೆ ಕಾಳಜಿ ಇರುವುದು ಕೆನ್ನೆಯ ಮಚ್ಚೆಯ ಬಗ್ಗೆ. ಲೇಸರ್ ಉಬ್ಬನ್ನು ತೆಗೆಯುವಾಗ ಪರೀಕ್ಷೆಗೆ ಕಳಿಸಬೇಕಾದ ಚೂರನ್ನೂ ಸುಟ್ಟುಬಿಡುತ್ತದೆ. ಬಿಸಿಲು ಬೀಳುವ ಮುಖದ ಮೇಲೆ ಬರುವ ಬೇಸಲ್ ಸೆಲ್ ಕ್ಯಾನ್ಸರ್ ನಮ್ಮ ಕಂದು ಚರ್ಮದಲ್ಲಿ ಅನೇಕ ಸಲ ಕಪ್ಪಾಗಿಯೇ ಇದ್ದು, ಮಚ್ಚೆಯಂತೆ ಕಾಣುತ್ತದೆ. ಹೆದರಬೇಡಿ: ಅದು ನಿಧಾನವಾಗಿ ಬೆಳೆಯುವಂಥದು, ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ, ಪೂರ್ತಿ ತೆಗೆದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಆದರೆ ಮೇಲ್ಭಾಗ ಮಾತ್ರ ಸುಟ್ಟರೆ ಕಲೆಯ ಕೆಳಗೆ ಗೊತ್ತಾಗದಂತೆ ಬೆಳೆಯುತ್ತಾ ಹೋಗಬಹುದು. ನಿಮ್ಮದು ಬರೀ ಮಚ್ಚೆಯೇ ಆಗಿರಬಹುದು. ಹಾಗೆಂದು ಖಚಿತವಾಗಿ ಹೇಳಬಲ್ಲದ್ದು ಬಯಾಪ್ಸಿ.

ಕಲೆ ಉಳಿಯುವುದಿಲ್ಲ ಎಂಬ ಮಾತನ್ನು ಪೂರ್ತಿ ಒಪ್ಪಲಾರೆ. ಲೇಸರ್ ಕೂಡ ಸುಟ್ಟ ಗಾಯವೇ. ನಮ್ಮ ಬಣ್ಣದ ಚರ್ಮದಲ್ಲಿ ಅದು ತಿಂಗಳುಗಟ್ಟಲೆ ಕಪ್ಪಾಗಿ, ಕೆಲವರಲ್ಲಿ ಬಿಳಿಚಿಕೊಂಡು ಉಳಿಯುತ್ತದೆ. ನುರಿತ ಕೈಯ ಹೊಲಿಗೆ ಮುಖದ ಗೆರೆಗಳಲ್ಲಿ ಸೇರಿಹೋಗುವುದೂ ಉಂಟು. ಭಯದ ಮಾತಿಗೆ ಬಂದರೆ, ಎರಡಕ್ಕೂ ಮರಗಟ್ಟಿಸುವ ಮದ್ದೇ. ಅದೇ ದಿನ ಮನೆಗೆ ಹೋಗಬಹುದು. ಓಡಾಟ ತಪ್ಪಲೆಂದು ಸುಣ್ಣ, ಸೋಡಾ ಹಚ್ಚಿಕೊಳ್ಳುವುದು ಮಾತ್ರ ಬೇಡವೇ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆ ಅದು. ಚರ್ಮದ ವೈದ್ಯರೂ ಸಿಗುತ್ತಾರೆ, ತೆಗೆದ ಚೂರಿನ ಪರೀಕ್ಷೆಯೂ ಆಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಹೊಲಿಗೆ ಬಿಚ್ಚಿಸಲು ಹೋದ ದಿನ ಬಯಾಪ್ಸಿ ವರದಿಯನ್ನು ಕೇಳಿ ಪಡೆದುಕೊಳ್ಳಿ.