ಸೈಕಲ್ ರಿಮ್ಮಿನ ಅಳತೆ ನೋಡಿ ಟೈರು ಆರಿಸಿ

ಬೈಲಕುಪ್ಪೆಯ ಸುತ್ತಿನ ಹಳ್ಳಿಗಳಲ್ಲಿ ಹಾಲಿನ ಕ್ಯಾನನ್ನು ಡೇರಿಗೆ, ಮುಸುಕಿನ ಜೋಳದ ಮೂಟೆಯನ್ನು ಗಿರಣಿಗೆ ಒಯ್ಯಲು ಸೈಕಲ್ಲು ಒಳ್ಳೆಯ ಸಾಧನ. ಹೊರೆ ಹೊರುವ ಸೈಕಲ್ಲಿಗೆ ರಿಮ್ಮಿಗಿಂತ ತೀರ ಅಗಲವಾದ ಟೈರು ಹಾಕಿದರೆ ಅದು ತಿರುವಿನಲ್ಲಿ ಪಕ್ಕಕ್ಕೆ ವಾಲಿ ಸವಾರನನ್ನು ಕೆಡವಬಹುದು. ತೀರ ಕಿರಿದಾದರೆ ಕಲ್ಲಿನ ಏಟಿಗೆ ಟ್ಯೂಬು ಕತ್ತರಿಸಿ, ರಿಮ್ಮು ಡೊಂಕಾಗುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಅಳತೆ ನೋಡುವುದು ಲೇಸು.

ಟೈರಿನ ಮೇಲಿನ ಗುರುತು

ಟೈರಿನ ಪಕ್ಕದಲ್ಲಿ 40-635 ಎಂಬಂತಹ ಗುರುತಿರುತ್ತದೆ. ಮೊದಲ ಅಂಕಿ ಟೈರಿನ ಅಗಲ. ಎರಡನೆಯದು ಟೈರಿನ ತಂತಿಯಂಚು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ. ಎರಡೂ ಮಿ.ಮೀ. ಲೆಕ್ಕದಲ್ಲಿವೆ. ಹಳೆಯ ಮಾದರಿಯ ದೊಡ್ಡ ಸೈಕಲ್ಲಿನ 28 x 1½ ಇಂಚಿನ ಟೈರು ಈ ಅಳತೆಯದು. ಇಂಚಿನ ಅಂಕಿಯನ್ನಷ್ಟೇ ನಂಬಬಾರದು. 26 x 1⅜ ಟೈರಿನ ರಿಮ್ಮು 590, 26 x 1.95 ಟೈರಿನ ರಿಮ್ಮು 559. ಎರಡಕ್ಕೂ 26 ಎಂದೇ ಹೆಸರಾದರೂ ಒಂದರ ಟೈರು ಇನ್ನೊಂದಕ್ಕೆ ಕೂರದು.

ಅಳೆಯುವ ಕ್ರಮ

1. ಟೈರು, ಟ್ಯೂಬು ಬಿಚ್ಚಿ ರಿಮ್ಮಿನ ಮಣ್ಣು, ತುಕ್ಕು ಉಜ್ಜಿ ತೆಗೆಯಿರಿ.

2. ರಿಮ್ಮಿನ ಎರಡು ಅಂಚುಗಳ ನಡುವಿನ ಒಳ ಅಗಲವನ್ನು ವರ್ನಿಯರ್ ಕ್ಯಾಲಿಪರಿನಿಂದ, ಇಲ್ಲವೇ ಉಕ್ಕಿನ ಅಡಿಪಟ್ಟಿಯಿಂದ ಅಳೆಯಿರಿ. ಅಂಚಿನ ದಪ್ಪವನ್ನು ಸೇರಿಸಬಾರದು. ಮೂರು ನಾಲ್ಕು ಕಡೆ ಅಳೆದು ನೋಡಿ. ವ್ಯತ್ಯಾಸ ಬಂದರೆ ರಿಮ್ಮು ಸೊಟ್ಟಗಾಗಿದೆ; ಮೊದಲು ಸರಿಪಡಿಸಿ.

3. ಹಳೆಯ ಟೈರಿನ ಗುರುತು ಅಳಿಸಿದ್ದರೆ, ತಂತಿಯಂಚು ಕೂರುವ ಜಾಗದಲ್ಲಿ ಹಿಗ್ಗದ ದಾರವನ್ನು ಒಂದು ಸುತ್ತು ಸುತ್ತಿ ಉದ್ದ ಅಳೆಯಿರಿ. ಸುಮಾರು 1995 ಮಿ.ಮೀ. ಬಂದರೆ 635ರ ರಿಮ್ಮು. 1854 ಆದರೆ 590. 1756 ಆದರೆ 559.

ಅಗಲ ಆರಿಸುವುದು

ಟೈರಿನ ಅಗಲವು ರಿಮ್ಮಿನ ಒಳ ಅಗಲದ ಸುಮಾರು ಒಂದೂವರೆಯಿಂದ ಎರಡೂವರೆ ಪಟ್ಟು ಇರಬೇಕು. ಉದಾಹರಣೆಗೆ, ಒಳ ಅಗಲ 24 ಮಿ.ಮೀ. ಇದ್ದರೆ 36ರಿಂದ 60 ಮಿ.ಮೀ. ಒಳಗಿನ ಟೈರು ಹೊಂದುತ್ತದೆ. ಹೊರೆ ಸಾಗಿಸುವವರು ಈ ಮಿತಿಯೊಳಗೆ ಅಗಲವಾದುದನ್ನೇ ಆರಿಸಬಹುದು. ಆದರೆ ಫೋರ್ಕು ಹಾಗೂ ಮಡ್‌ಗಾರ್ಡಿಗೆ ತಗುಲದಂತೆ ಪ್ರತಿ ಪಕ್ಕದಲ್ಲೂ ಐದಾರು ಮಿ.ಮೀ. ಜಾಗ ಉಳಿಯಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಕೆಸರು ಮೆತ್ತಿ ಚಕ್ರ ಸಿಕ್ಕಿಕೊಳ್ಳುತ್ತದೆ.

ಟ್ಯೂಬನ್ನೂ ಟೈರಿನ ಅಳತೆಗೆ ತಕ್ಕಂತೆ ಕೊಳ್ಳಿ. ಟೈರಿನ ಮೇಲೆ ನಮೂದಿಸಿದ ಮಿತಿಯನ್ನು ಮೀರಿ ಗಾಳಿ ತುಂಬಬಾರದು. ಅಂಗಡಿಗೆ ಹೋಗುವಾಗ ರಿಮ್ಮಿನ ಎರಡೂ ಅಳತೆಗಳನ್ನು ಚೀಟಿಯಲ್ಲಿ ಬರೆದೊಯ್ದರೆ ಹಣವೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ.