ಅಘನಾಶಿನಿಯ ಅಳಿವೆಯಲ್ಲಿ

ಶಿರಸಿಯ ಸಮೀಪದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರುಗಳ ಆಳಕ್ಕೆ ಧುಮುಕಿ, ಘಟ್ಟದ ದಟ್ಟ ಕಾಡುಗಳನ್ನು ಹಾದು, ಎಲ್ಲಿಯೂ ಅಣೆಕಟ್ಟಿನ ತಡೆಯನ್ನು ಕಾಣದೆ, ಕುಮಟೆಗೂ ಗೋಕರ್ಣಕ್ಕೂ ನಡುವೆ ಸಮುದ್ರವನ್ನು ಸೇರುವ ಅಘನಾಶಿನಿಯು ತನ್ನ ಕಡೆಯ ಕೆಲವು ಮೈಲಿಗಳಲ್ಲಿ ಪೂರ್ತಿಯಾಗಿ ನದಿಯೆಂದಾಗಲಿ ಪೂರ್ತಿಯಾಗಿ ಸಮುದ್ರವೆಂದಾಗಲಿ ಹೇಳಲು ಬಾರದಂತಹ ಒಂದು ವಿಶಾಲವಾದ ಅಳಿವೆಯಾಗಿ ಹರಡಿಕೊಂಡಿದೆ. ದಿನಕ್ಕೆ ಎರಡು ಸಲ ಕಡಲು ಒಳನುಗ್ಗುವುದು, ಎರಡು ಸಲ ಹಿಂದೆಗೆಯುವುದು. ಹಿಂದೆಗೆದಾಗ ತೋರುವ ಕೆಸರಿನ ಬಯಲಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಇಳಿಯುತ್ತಾರೆ. ನೀರು ಮರಳಿದಾಗ ಅದೇ ಸ್ಥಳದ ಮೇಲೆ ಪಾತಿದೋಣಿಗಳು ತೇಲುತ್ತವೆ.

ವರ್ಷಕ್ಕೆ ಐದುನೂರು ಮಿಲಿಮೀಟರು ಮಳೆಯೂ ನಿಶ್ಚಯವಿಲ್ಲದ ಚಳ್ಳಕೆರೆಯ ಸೀಮೆಯಲ್ಲಿ ಹುಟ್ಟಿ ಬೆಳೆದು, ಶಿಕ್ಷಕಿಯ ವೃತ್ತಿಯ ನಿಮಿತ್ತ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕುಮಟಾ ತಾಲೂಕಿಗೆ ಬಂದ ನನಗೆ ಮೊದಮೊದಲು ಕಂಡುದೆಲ್ಲವೂ ಸೌಂದರ್ಯವೇ ಆಗಿದ್ದಿತು. ಆದರೆ ಕಣ್ಣಿಗೆ ದಕ್ಕಿದ ಸೀಮೆ ಬಾಳುವೆಗೂ ದಕ್ಕಬೇಕಾದರೆ ನೋಟವೊಂದೇ ಸಾಲದು. ಊರಿನವರು "ಬನ್ನಿ ಅಕ್ಕೋರೇ" ಎಂದು ಜಗುಲಿಯಲ್ಲಿ ಕೂಡಿಸಿ ಬೆಲ್ಲ ನೀರು ಕೊಡುತ್ತಿದ್ದರು. ಅವರ ಆದರದಲ್ಲಿ ಕೊರತೆಯೆಂಬುದಿರಲಿಲ್ಲ. ಆದರೆ ಆ ಆದರವೇ ನನ್ನನ್ನು ಅತಿಥಿಯ ಸ್ಥಾನದಲ್ಲಿ ನಿಲ್ಲಿಸಿದ್ದಿತು. ನನ್ನನ್ನು ಆ ಸ್ಥಾನದಿಂದ ಕೆಳಗಿಳಿಸಿ ಊರೊಳಗೆ ಸೇರಿಸಿದ್ದು ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಮರಗಳನ್ನು ನೆಡುವ ಕೆಲಸ.

ಕಾಂಡ್ಲಾದ ಒಂದು ಜಾತಿಯಲ್ಲಿ ಬೀಜವು ನೆಲಕ್ಕೆ ಬಿದ್ದು ಮೊಳೆಯುವುದಿಲ್ಲ. ತಾಯಿಮರದ ಕೊಂಬೆಯಲ್ಲಿಯೇ ಮೊಳೆತು, ಗೇಣಿಗಿಂತಲೂ ಉದ್ದನೆಯ ಹಸುರು ಕೋಡಾಗಿ ಜೋತಾಡಿ, ಪಕ್ವವಾದ ಮೇಲೆ ಕಳಚಿಬಿದ್ದು ನೀರಿನೊಡನೆ ತೇಲಿಹೋಗಿ, ನೆಲೆ ಸಿಕ್ಕಿದಲ್ಲಿ ಬೇರೂರುತ್ತದೆ. ಮಳೆಗಾಲದ ಆರಂಭದಲ್ಲಿ ಅರಣ್ಯ ಇಲಾಖೆಯವರೂ ಗ್ರಾಮಸ್ಥರೂ ಸೇರಿ ಈ ಕೋಡುಗಳನ್ನು ಆಯ್ದು, ಗಜನಿಗಳೆಂಬ ಉಪ್ಪುನೆಲದ ಗದ್ದೆಗಳ ಕಟ್ಟೆಗಳ ಹೊರಬದಿಯ ಕೆಸರಿನಲ್ಲಿ ಮೂರನೆಯ ಒಂದು ಭಾಗ ಹೂಳುವಂತೆ ಊರುವ ಕಾರ್ಯಕ್ಕೆ ನಾನೂ ನನ್ನ ಮೇಲ್ತರಗತಿಯ ಮಕ್ಕಳೂ ಹೋದೆವು. ಕೆಲಸ ಸುಲಭವಾದುದೆಂದು ದಡದಲ್ಲಿ ನಿಂತವರಿಗೆ ತೋರುವುದು ಸಹಜ. ಆದರೆ ಅಲ್ಲಿಯ ಕೆಸರು ಮೊಳಕಾಲನ್ನು ಮೀರಿ ನುಂಗುವಂತಹುದು. ನೇರವಾಗಿ ಮೇಲೆಳೆದಷ್ಟೂ ಕಾಲನ್ನು ಬಿಗಿಹಿಡಿಯುವಂತಹುದು. ಬಳಚು ಹೆಕ್ಕುವುದರಲ್ಲಿಯೇ ಆಯುಷ್ಯ ಸವೆಸಿದ ಹಿರಿಯ ಹೆಂಗಸೊಬ್ಬಳು ನನ್ನ ಬಳಿಗೆ ಸರಿದು, "ಜೋರು ಮಾಡೂಕೆ ಹೋಗಬೇಡಿ ಅಕ್ಕೋರೇ, ಮೊದಲು ಹಿಮ್ಮಡಿ ತಿರುಗಿಸಿ, ಕೆಸರಿಗೆ ಸ್ವಲ್ಪ ನೀರು ಕುಡಿಸಿ, ಆಮೇಲೆ ಕಾಲು ತೆಗೀರಿ" ಎಂದು ಹೇಳಿದ್ದಲ್ಲದೆ, ತನ್ನ ಪಾದವನ್ನು ಹಾಗೆಯೇ ತಿರುಗಿಸಿ ತೋರಿಸಿದಳು. ಹಿಮ್ಮಡಿಯ ಸುತ್ತ ನೀರು ಇಳಿದು ಕೆಸರು ಸಡಿಲಿತು. ಕಾಲು ಅನಾಯಾಸವಾಗಿ ಹೊರಬಂದಿತು. ಮಕ್ಕಳಂತೂ ಕ್ಷಣಮಾತ್ರದಲ್ಲಿ ಕಲಿತುಬಿಟ್ಟರು.

ಬಳಚು ಹೆಕ್ಕುವ ಈ ಹೆಂಗಸರಿಂದಲೇ ಇದಕ್ಕಿಂತ ದೊಡ್ಡದೊಂದು ವಿಷಯವೂ ತಿಳಿಯಬಂದಿತು. ನೆಡುವ ಸ್ಥಳವನ್ನು ಗುರುತಿಸಲು ಎಲ್ಲರೂ ಕೂಡಿದ್ದ ದಿನ, ಹೊರಗಿನಿಂದ ಬಂದ ಉತ್ಸಾಹಿಗಳಿಗೆ ತೆರವಾದ ಕೆಸರಿನ ಬಯಲೆಲ್ಲವೂ ಬರಿದಾದ ಭೂಮಿಯೆಂದೂ, ಅದನ್ನೆಲ್ಲ ಹಸುರು ಮಾಡುವುದೇ ಪುಣ್ಯಕಾರ್ಯವೆಂದೂ ಅನ್ನಿಸಿದ್ದಿತು. ಆಗ ಆ ಹೆಂಗಸರು ಬಯಲಿನ ಒಂದೊಂದು ಭಾಗವನ್ನೂ ಕೈಮಾಡಿ ತೋರಿಸಿ, ಇಲ್ಲಿ ಬಳಚಿನ ಹಾಸಿದೆ, ಇಲ್ಲಿ ಮರಿಬಳಚು ಬೆಳೆಯುತ್ತಿದೆ, ಅಲ್ಲಿ ಚಳಿಗಾಲದ ಹಕ್ಕಿಗಳು ಇಳಿದು ಮೇಯುತ್ತವೆ, ಮರ ಬೆಳೆದರೆ ಇವೆಲ್ಲ ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಅವರ ಮಾತು ಅಕ್ಷರಶಃ ಸತ್ಯ. ಕಾಂಡ್ಲಾವನ ಎಷ್ಟು ಶ್ರೇಷ್ಠವೋ, ಮರವಿಲ್ಲದ ಕೆಸರೂ ಅಷ್ಟೇ ಶ್ರೇಷ್ಠವಾದ ಜೀವಭೂಮಿ. ಅಳಿವೆಯ ಎರಡೂ ದಡಗಳ ಅಸಂಖ್ಯ ಸಂಸಾರಗಳು ಅದರಿಂದಲೇ ಅನ್ನ ಕಾಣುತ್ತವೆ. ನೆಡುವಿಕೆಯು ಕಟ್ಟೆಗಳ ಅಂಚಿಗೂ ಕೊರೆದುಹೋಗುತ್ತಿದ್ದ ದಡಗಳಿಗೂ ಸೀಮಿತವಾಯಿತು. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರುಗಳು ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ, ಆ ಅಂತಾರಾಷ್ಟ್ರೀಯ ಮನ್ನಣೆಯ ಹಿಂದೆ ವಿಜ್ಞಾನಿಗಳ ಅಧ್ಯಯನದಷ್ಟೇ ಈ ಹೆಂಗಸರ ವಿವೇಕವೂ ಇದೆಯೆಂದು ನಾನು ದೃಢವಾಗಿ ನಂಬಿದೆನು, ಈಗಲೂ ನಂಬಿದ್ದೇನೆ.

ಕಟ್ಟೆಗಳ ಒಳಗಿರುವ ಗಜನಿಯನ್ನು ಕುರಿತು ಒಂದು ಮಾತನ್ನಾದರೂ ಹೇಳದೆ ಇರಲಾರೆ. ಬೇರೆ ಭತ್ತಗಳು ಸುಟ್ಟುಹೋಗುವ ಉಪ್ಪುನೆಲದಲ್ಲಿ, ಗೊಬ್ಬರವನ್ನಾಗಲಿ ಔಷಧವನ್ನಾಗಲಿ ಬೇಡದೆ, ನೆರೆಯಲ್ಲಿ ಮುಳುಗಿಯೂ ತಲೆಯೆತ್ತುವ ಕಗ್ಗವೆಂಬ ಭತ್ತ ಇಲ್ಲಿ ಬೆಳೆಯುವುದು. ಕೊಯ್ಲಾದ ತರುವಾಯ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಸಿಗಡಿಯೂ ಮೀನೂ ಬೆಳೆಯುವುವು. ಮಾಣಿಕಟ್ಟಾದಂತಹ ಗ್ರಾಮಗಳಲ್ಲಿ ರೈತರು ಒಟ್ಟಾಗಿ ಇದನ್ನು ಉಳಿಸಿಕೊಂಡು ಬಂದಿದ್ದಾರೆ. ಕಟ್ಟೆ ಒಡೆಯುವ ಭಯವುಂಟಾದಾಗ ಮಣ್ಣು ಹೊರಲು ಯಾರನ್ನೂ ಕರೆಯಬೇಕಾಗಿಲ್ಲ. ದಾರಿಯಲ್ಲಿ ಹೋಗುವವನೂ ಬುಟ್ಟಿಗೆ ಕೈಹಾಕುತ್ತಾನೆ.

ರಜೆಯ ದಿನಗಳಲ್ಲಿ ನಾನು ಕೈಗೊಂಡ ಸಂಚಾರಗಳೂ ಊರಿನವರೊಡನೆ ಬೆಳೆದ ಈ ಪರಿಚಯದ ಬಲದಿಂದಲೇ ಸಾಧ್ಯವಾದವು. ಗೋಕರ್ಣದಿಂದ ಹೊರಟು, ಕುಡ್ಲೆ, ಓಂ ಮೊದಲಾದ ಕಡಲತೀರಗಳನ್ನು ಒಂದೊಂದಾಗಿ ದಾಟಿ, ನಡುನಡುವೆ ಕಡಲಿಗೆ ಚಾಚಿಕೊಂಡ ಜಂಬಿಟ್ಟಿಗೆಯ ಗುಡ್ಡಗಳನ್ನೇರಿ ಇಳಿದು, ತದಡಿಯಲ್ಲಿ ತಾರಿಯನ್ನೇರಿ ಅಘನಾಶಿನಿ ಗ್ರಾಮಕ್ಕೆ ಬಂದು, ಮತ್ತೆ ಗುಡ್ಡ ಹತ್ತಿ ಕುಮಟೆಯವರೆಗೆ ನಡೆಯುವ ದಾರಿಗೆ ಸಮನಾದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಬಂಡೆಗಳ ಬುಡದಲ್ಲಿ ಸುತ್ತಿಹೋಗುವ ಹಾದಿಗಳು ಇಳಿತದಲ್ಲಿ ಮಾತ್ರ ತೆರೆದಿರುವುವು. ಭರತದಲ್ಲಿ ಅಲೆಗಳು ಬಂಡೆಯ ಎದೆಗೇ ಅಪ್ಪಳಿಸುವುವು. ಆದುದರಿಂದ ಹೊರಡುವ ಮುನ್ನ ಪಂಚಾಂಗ ನೋಡುವುದನ್ನು ಅಂಬಿಗರಿಂದ ಕಲಿತೆನು. ಹುಣ್ಣಿಮೆ ಅಮಾವಾಸ್ಯೆಗಳಂದು ಕಡಲು ಅತಿ ಎತ್ತರಕ್ಕೆ ಏರಿ ಅತಿ ಕೆಳಕ್ಕೆ ಇಳಿಯುವುದು. ಅಷ್ಟಮಿಯ ಸುಮಾರಿಗೆ ಅದರ ಏರಿಳಿತ ಮಂದ. ದಿನದಿಂದ ದಿನಕ್ಕೆ ಭರತದ ವೇಳೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚಾಗಿ ಮುಂದಕ್ಕೆ ಸರಿಯುವುದು. ತಿಥಿಯೊಂದನ್ನು ಹೇಳಿದರೆ ಸಾಕು, ಇಲ್ಲಿಯ ಮೀನುಗಾರನು ಗಡಿಯಾರವನ್ನೂ ಆಕಾಶವನ್ನೂ ನೋಡದೆ ನೀರು ಎಲ್ಲಿದೆಯೆಂದು ಹೇಳಬಲ್ಲನು.

ಚಳಿಗಾಲದಲ್ಲಿ ಕಡಲಾಮೆಗಳು ದಡಕ್ಕೆ ಬರುವುವು. ಒಡಿಶಾದ ತೀರಗಳಲ್ಲಿ ಸಹಸ್ರಾರು ಸಂಖ್ಯೆಯಲ್ಲಿ ಒಮ್ಮೆಗೇ ಬರುವ ಆಲಿವ್ ರಿಡ್ಲಿ ಜಾತಿಯ ಆಮೆಗಳೇ ಇವು. ಆದರೆ ನಮ್ಮ ಕರಾವಳಿಗೆ ಒಂಟೊಂಟಿಯಾಗಿ ಬಂದು, ಹಿಂಗಾಲುಗಳಿಂದ ಹೂಜಿಯಾಕಾರದ ಗುಳಿ ತೋಡಿ, ನೂರರ ಆಸುಪಾಸಿನಲ್ಲಿ ಮೊಟ್ಟೆಯಿಟ್ಟು, ತಮ್ಮ ಮೈಯನ್ನೇ ಅತ್ತಿತ್ತ ಅಲುಗಿಸಿ ಮರಳನ್ನು ದಮ್ಮಸ್ಸು ಮಾಡಿ ಮರಳುವುವು. ನಸುಕಿನಲ್ಲಿ ದಡಕ್ಕೆ ಹೋಗಿ ಜಾಡನ್ನು ಮೊದಲು ಕಾಣುವವರು ಮೀನುಗಾರರು; ಅವರಿಂದ ಸುದ್ದಿ ತಿಳಿದ ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟಿ ದಿನಾಂಕ ಬರೆದಿಡುವರು; ನಾಯಿ ನರಿಗಳಿಂದ ಅದನ್ನು ಕಾಯುವ ಸರದಿಯಲ್ಲಿ ನಮ್ಮಂತಹ ಸ್ವಯಂಸೇವಕರೂ ಸೇರುವುದುಂಟು. ಮೊಟ್ಟೆ ಮರಿಯಾಗಲು 45ರಿಂದ 60 ದಿನಗಳು ಬೇಕು. ಮರಳು ಎಷ್ಟು ಬಿಸಿಯೋ ಅಷ್ಟು ಹೆಣ್ಣುಮರಿಗಳು ಹೆಚ್ಚೆಂಬುದನ್ನು ಕೇಳಿದಾಗ, ಆ ಬಲೆಯೊಳಗಿನ ಮೊಳದಾಳದ ಮರಳಿನ ವಿಷಯದಲ್ಲಿ ನನಗೆ ಉಂಟಾದ ಗೌರವವನ್ನು ಮಾತಿನಲ್ಲಿ ಹೇಳಲಾರೆ.

ಮರಿಗಳು ಹೊರಬೀಳುವ ರಾತ್ರಿಯಲ್ಲಿ ಸ್ವಯಂಸೇವಕನು ಮಾಡತಕ್ಕ ಕೆಲಸವು ಬಹುಮಟ್ಟಿಗೆ ಮಾಡದೆ ಇರುವ ಕೆಲಸವೇ. ಟಾರ್ಚು ಬೆಳಗಕೂಡದು, ಬೆಳಕು ಕಂಡರೆ ಮರಿಗಳು ಕಡಲನ್ನು ಬಿಟ್ಟು ಊರ ಕಡೆಗೆ ತಿರುಗುವುವು. ದಡದ ಮನೆಯವರು ತಾವಾಗಿಯೇ ಜಗುಲಿಯ ದೀಪ ಆರಿಸುವರು. ಅಂಗೈಯಗಲವೂ ಇಲ್ಲದ ಆ ಮರಿಗಳು ಒಂದರ ಬೆನ್ನೇರಿ ಒಂದು ತೆವಳುವುದನ್ನು ಕಂಡು, ಎತ್ತಿ ನೀರಿಗೆ ಬಿಡೋಣವೆಂದು ಕೈ ಚಾಚಿದ ಬಾಲಕನನ್ನು ಅವನ ಅಜ್ಜನು ಮೆಲ್ಲನೆ ತಡೆದು, "ಬ್ಯಾಡ ಮಗಾ, ಅದ್ರ ದಾರಿ ಅದಕ್ಕೇ ಗುರ್ತಾಗಬೇಕು" ಎಂದನು. ಆ ತೆವಳಿಕೆಯಲ್ಲಿಯೇ ಅವು ಹುಟ್ಟಿದ ತೀರದ ಗುರುತನ್ನು ಗ್ರಹಿಸುವುವೆಂಬ ಭಾವನೆ ತಜ್ಞರಲ್ಲಿಯೂ ಇದೆ.

ಮತ್ತೆ ಕಾಂಡ್ಲಾದ ಮಾತಿಗೆ ಬಂದರೆ, ಅದರ ಕೋಡುಗಳು ಜೂನ್ ಜುಲೈ ತಿಂಗಳುಗಳಲ್ಲಿ ಬೀಳುವುವು. ತಾಲೂಕಿಗೆ ಹೊಸದಾಗಿ ಬಂದವರು ಯಾರೇ ಆಗಲಿ, ಮಳೆ ಹಿಡಿಯುವ ಮೊದಲೇ ಕುಮಟೆಯ ಅರಣ್ಯ ಕಚೇರಿಯಲ್ಲಿಯೋ ಅಳಿವೆಯ ದಡದ ಯಾವುದಾದರೂ ಗ್ರಾಮದಲ್ಲಿಯೋ ವಿಚಾರಿಸಿದರೆ ನೆಡುವ ದಿನ ತಿಳಿಯುತ್ತದೆ. ಹಳೆಯ ಬಟ್ಟೆ ಉಟ್ಟುಬರಬೇಕು. ಚಿಪ್ಪುಗಳು ಕಾಲು ಕೊಯ್ಯುವುದರಿಂದ ಬಿಗಿಯಾದ ಹಳೆಯ ಬೂಟು ಇರಲಿ. ಕುಡಿಯುವ ನೀರನ್ನು ತಾವೇ ತರಬೇಕು. ಕೆಲಸ ಪ್ರಾರಂಭವಾಗುವ ಗಂಟೆಯನ್ನು ಮಾತ್ರ ಯಾರೂ ಮುಂಚಿತವಾಗಿ ಬರೆದುಕೊಡಲಾರರು. ನೀರು ಇಳಿದೊಡನೆ ಹೆಂಗಸರು ಕರೆಯುತ್ತಾರೆ.